ಹೈವೇಯಲ್ಲಿ ಸ್ಟೀರಿಂಗ್ ಅದುರುತ್ತಿದೆಯಾ? ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಊರೊಳಗೆ ನಿಧಾನಕ್ಕೆ ಓಡಿಸುವಾಗ ಕಾರು ಚೆನ್ನಾಗಿಯೇ ಇರುತ್ತದೆ. ಹೈವೇ ಹತ್ತಿ 80 ಕಿ.ಮೀ. ವೇಗ ದಾಟಿದ ಕೂಡಲೇ ಸ್ಟೀರಿಂಗ್ ಅದುರಲು ಶುರು. 90–100ರಲ್ಲಿ ಕೈ ಜುಮ್ಮೆನ್ನುವಷ್ಟು. ಇನ್ನೂ ಸ್ವಲ್ಪ ವೇಗ ಏರಿಸಿದರೆ ಕಡಿಮೆಯಾದ ಹಾಗೂ ಅನಿಸುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ನೇರ ಗ್ಯಾರೇಜಿಗೆ ಹೋಗಿ "ಸ್ಟೀರಿಂಗ್ ವೈಬ್ರೇಶನ್ ಇದೆ, ನೋಡಿ" ಅಂದುಬಿಡುತ್ತಾರೆ. ಆ ಒಂದು ಮಾತಿನಿಂದ ಮೆಕ್ಯಾನಿಕ್‌ಗೆ ಏನು ತಾನೇ ಗೊತ್ತಾಗಬೇಕು? ಅವರು ಊಹೆ ಮಾಡುತ್ತಾರೆ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ಬುಷ್, ಡಿಸ್ಕ್ ಅಂತ ಒಂದೊಂದೇ ಕೆಲಸ ಆಗುತ್ತಾ ಹೋಗುತ್ತದೆ. ಬಿಲ್ ಬೆಳೆಯುತ್ತದೆ, ನಡುಕ ಇದ್ದಲ್ಲೇ ಇರುತ್ತದೆ.

ನಡುಕ ಯಾವಾಗ ಬರುತ್ತದೆ, ಎಲ್ಲಿ ಗೊತ್ತಾಗುತ್ತದೆ, ಏನು ಮಾಡಿದರೆ ಬದಲಾಗುತ್ತದೆ. ಈ ಮೂರನ್ನು ನೀವೇ ಸರಿಯಾಗಿ ಗಮನಿಸಿದರೆ ದೋಷ ಇರುವ ಜಾಗ ಮುಕ್ಕಾಲು ಪಾಲು ಸಿಕ್ಕಿಹೋಗುತ್ತದೆ. ಇದಕ್ಕೆ ದೊಡ್ಡ ಸಲಕರಣೆ ಏನೂ ಬೇಡ. ಬೇಕಾಗಿರುವುದು ತಾಳ್ಮೆ, ಒಂದು ಟಾರ್ಚ್, ಕಾರಿನ ಜೊತೆ ಬಂದ ಜ್ಯಾಕ್ ಮತ್ತು ವೀಲ್ ಸ್ಪ್ಯಾನರ್.

ಈ ಲಕ್ಷಣ ಕಂಡರೆ ಓಡಿಸಲೇಬೇಡಿ

ಎಲ್ಲ ನಡುಕವನ್ನೂ ಓಡಿಸಿ ನೋಡಿ ಪತ್ತೆ ಮಾಡಲು ಆಗುವುದಿಲ್ಲ. ನಿನ್ನೆವರೆಗೆ ಇಲ್ಲದ ನಡುಕ ಇದ್ದಕ್ಕಿದ್ದಂತೆ ಬಂದು ನಿಮಿಷ ನಿಮಿಷಕ್ಕೂ ಜಾಸ್ತಿಯಾಗುತ್ತಿದ್ದರೆ, 30–40 ಕಿ.ಮೀ. ವೇಗದಲ್ಲೇ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಓಲಾಡುತ್ತಿದ್ದರೆ, ಚಕ್ರದಿಂದ ಧಬ್ ಧಬ್ ಅಂತ ಒಂದೇ ತಾಳದಲ್ಲಿ ಶಬ್ದ ಬರುತ್ತಿದ್ದರೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ. ನಿಧಾನವಾಗಿ ಬದಿಗೆ ತಂದು ನಿಲ್ಲಿಸಿ. ಟೈರಿನ ಒಳಗಿನ ಉಕ್ಕಿನ ಪದರ ಬಿಟ್ಟುಕೊಳ್ಳುತ್ತಿರಬಹುದು. ಅಂಥ ಟೈರ್ ಯಾವ ಕ್ಷಣದಲ್ಲಾದರೂ ಸಿಡಿಯಬಹುದು. ಟೈರಿನ ಪಕ್ಕದ ಗೋಡೆಯಲ್ಲಿ ಉಬ್ಬು ಕಂಡರೂ ಇದೇ ಮಾತು.

ಚಕ್ರ ಬಿಚ್ಚಿ ಹಾಕಿದ ಮೇಲೆ ನಡುಕ ಶುರುವಾಗಿದ್ದರೆ ಮೊದಲು ವೀಲ್ ನಟ್ ನೋಡಿ. ಪಂಕ್ಚರ್ ಹಾಕಿಸಿದ ಮೇಲೆ, ಬ್ರೇಕ್ ಪ್ಯಾಡ್ ಬದಲಾಯಿಸಿದ ಮೇಲೆ, ಟೈರ್ ಅದಲು ಬದಲು ಮಾಡಿದ ಮೇಲೆ ನಟ್ ಸಡಿಲ ಉಳಿದುಬಿಟ್ಟಿರುವುದು ಅಪರೂಪವೇನಲ್ಲ. ಎರಡು ನಿಮಿಷದ ಕೆಲಸ, ಆದರೆ ಜೀವ ಉಳಿಸುವ ಕೆಲಸ.

80ರಿಂದ 110ರ ನಡುವೆಯೇ ಯಾಕೆ?

ಇದು ಅರ್ಥವಾದರೆ ಮುಂದಿನದೆಲ್ಲ ಸುಲಭ. 185/65 ಆರ್15 ಅಳತೆಯ ಟೈರಿನ ಸುತ್ತಳತೆ ಹತ್ತಿರ ಹತ್ತಿರ 1.95 ಮೀಟರ್. 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಅಂದರೆ ಚಕ್ರ ಸೆಕೆಂಡಿಗೆ 14 ಸಲ ಸುತ್ತುತ್ತದೆ. 80ರಲ್ಲಿ 11 ಸಲ ಚಿಲ್ಲರೆ. ಚಕ್ರದ ಒಂದು ಕಡೆ ತೂಕ ಜಾಸ್ತಿ ಇದ್ದರೆ ಪ್ರತಿ ಸುತ್ತಿಗೂ ಅದು ಒಂದು ಸಲ ಹೊರಕ್ಕೆ ಎಳೆಯುತ್ತದೆ.

ಮುಂದಿನ ಸಸ್ಪೆನ್ಷನ್ ಮತ್ತು ಸ್ಟೀರಿಂಗ್ ಜೋಡಣೆಗೂ ಅದುರಲು ತನ್ನದೇ ಒಂದು ಲಯ ಇರುತ್ತದೆ. ಸಾಮಾನ್ಯ ಕಾರುಗಳಲ್ಲಿ ಅದು ಸೆಕೆಂಡಿಗೆ 10ರಿಂದ 15ರ ಆಸುಪಾಸು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳಿದರೂ ಅದು ಎತ್ತರಕ್ಕೆ ಹೋಗುತ್ತದಲ್ವಾ, ಹಾಗೆ ಚಕ್ರದ ಎಳೆತ ಆ ಲಯಕ್ಕೆ ಕೂಡಿಕೊಂಡಾಗ ಸಣ್ಣ ದೋಷವೂ ಕೈಗೆ ಗೊತ್ತಾಗುತ್ತದೆ. ವೇಗ ಇನ್ನೂ ಏರಿದರೆ ಆ ಹೊಂದಿಕೆ ತಪ್ಪುತ್ತದೆ, ನಡುಕ ಇಳಿದ ಹಾಗೆ ಕಾಣುತ್ತದೆ. "120ಕ್ಕೆ ಹೋದರೆ ಸರಿಯಾಗುತ್ತೆ" ಅಂತ ವೇಗವಾಗಿ ಓಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಳೆತ ಆಗ ಇನ್ನೂ ಜಾಸ್ತಿಯಾಗಿರುತ್ತದೆ. ಬೇರಿಂಗ್, ಜಾಯಿಂಟ್‌ಗಳು ಪೆಟ್ಟು ತಿನ್ನುತ್ತಲೇ ಇರುತ್ತವೆ.

ಎಳೆತ ಎಷ್ಟಿರುತ್ತದೆ ಅಂತ ಒಂದು ಲೆಕ್ಕ ಹೇಳುತ್ತೇನೆ. 15 ಇಂಚಿನ ರಿಮ್ಮಿನ ಅಂಚಿನಲ್ಲಿ ಬರೀ 30 ಗ್ರಾಂ ವ್ಯತ್ಯಾಸ ಇದೆ ಅಂದುಕೊಳ್ಳಿ. 100 ಕಿ.ಮೀ. ವೇಗದಲ್ಲಿ ಅದು ಸುಮಾರು ನಾಲ್ಕೂವರೆ ಕೆಜಿ ತೂಕದಷ್ಟು ಬಲದಿಂದ ಜಗ್ಗುತ್ತದೆ, ಅದೂ ಸೆಕೆಂಡಿಗೆ 14 ಸಲ. 50ರಲ್ಲಿ ಈ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಊರೊಳಗೆ ಏನೂ ಗೊತ್ತಾಗದಿರುವುದು ಇದಕ್ಕೇ.

ಓಡಿಸಿ ಗಮನಿಸುವುದು

ವಾಹನ ಕಡಿಮೆ ಇರುವ, ನೇರವಾದ, ನುಣುಪಾದ ರಸ್ತೆ ಆರಿಸಿ. ವೇಗದ ಮಿತಿ ಮೀರುವುದು ಬೇಡ. ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಂಡರೆ ಒಳ್ಳೆಯದು. ಓಡಿಸುವವರು ಓಡಿಸುವುದಷ್ಟೇ ಮಾಡಲಿ. ಟೈರಿನ ಗಾಳಿಯನ್ನು ಹೊರಡುವ ಮೊದಲು, ಟೈರ್ ತಣ್ಣಗಿರುವಾಗಲೇ, ಬಾಗಿಲ ಪಕ್ಕದ ಚೀಟಿಯಲ್ಲಿರುವಷ್ಟು ತುಂಬಿಸಿಕೊಳ್ಳಿ. ಕೆಲವು ಕಾಂಕ್ರೀಟ್ ರಸ್ತೆಗಳು ತಾವೇ ಸ್ಟೀರಿಂಗ್ ಅದುರಿಸುತ್ತವೆ, ಹಾಗಾಗಿ ಸಾಧ್ಯವಾದರೆ ಎರಡು ಬೇರೆ ರಸ್ತೆಗಳಲ್ಲಿ ನೋಡಿ.

1. ವೇಗವನ್ನು 60ರಿಂದ ನಿಧಾನವಾಗಿ ಏರಿಸಿ. ಎಷ್ಟರಲ್ಲಿ ಶುರುವಾಯಿತು, ಎಷ್ಟರಲ್ಲಿ ಹೆಚ್ಚು, ಎಷ್ಟರಲ್ಲಿ ಕಡಿಮೆ ಅಂತ ಬರೆದುಕೊಳ್ಳಿ.

2. ನಡುಕ ಎಲ್ಲಿದೆ ನೋಡಿ. ಸ್ಟೀರಿಂಗ್‌ನಲ್ಲಿ ಜಾಸ್ತಿ ಇದ್ದರೆ ಮುಂದಿನ ಚಕ್ರಗಳ ಕಡೆ ಅನುಮಾನ. ಸೀಟು, ನೆಲದಲ್ಲಿ ಜಾಸ್ತಿ ಇದ್ದರೆ ಹಿಂದಿನವು. ಇದು ಕಟ್ಟುನಿಟ್ಟಿನ ನಿಯಮ ಅಲ್ಲ, ಆದರೆ ಹತ್ತರಲ್ಲಿ ಎಂಟು ಸಲ ದಾರಿ ತೋರಿಸುತ್ತದೆ.

3. ನಡುಕ ಜೋರಾಗಿರುವ ವೇಗದಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ವೇಗ ಇನ್ನೂ ಅಷ್ಟೇ ಇರುವಾಗಲೇ ನಡುಕ ಮಾಯವಾದರೆ ಎಂಜಿನ್ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್ ಕಡೆ ಹೋಗಬೇಕು. ಹಾಗೇ ಉಳಿದರೆ ಚಕ್ರ, ಟೈರ್.

4. ಅದೇ ವೇಗದಲ್ಲಿ ಒಂದು ಗೇರ್ ಕಡಿಮೆ ಮಾಡಿ ನೋಡಿ. ಎಂಜಿನ್ ಜೋರಾಗಿ ಸುತ್ತುತ್ತದೆ, ಚಕ್ರದ ಸುತ್ತು ಬದಲಾಗುವುದಿಲ್ಲ. ನಡುಕದ ರೀತಿ ಬದಲಾದರೆ ಎಂಜಿನ್ ಅಥವಾ ಅದರ ಮೌಂಟಿಂಗ್ ಕಾರಣ. ಬದಲಾಗದಿದ್ದರೆ ಎಂಜಿನ್ನನ್ನು ಪಟ್ಟಿಯಿಂದ ತೆಗೆದುಹಾಕಿ. ಓಡುವಾಗ ಇಗ್ನಿಷನ್ ಆಫ್ ಮಾಡಿ ಮಾತ್ರ ಯಾವತ್ತೂ ನೋಡಬೇಡಿ. ಬ್ರೇಕ್‌ಗೂ ಸ್ಟೀರಿಂಗ್‌ಗೂ ಸಿಗುವ ಸಹಾಯ ನಿಂತುಹೋಗುತ್ತದೆ, ಸ್ಟೀರಿಂಗ್ ಲಾಕ್ ಕೂಡ ಆಗಬಹುದು.

5. ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿಕೊಂಡು 100ರಿಂದ 60ರವರೆಗೆ ಮೆಲ್ಲಗೆ ಬ್ರೇಕ್ ಒತ್ತಿ. ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ಅದುರಿದರೆ ಮುಂದಿನ ಬ್ರೇಕ್ ಡಿಸ್ಕ್ ಮೇಲೆ ಅನುಮಾನ.

6. ಉದ್ದನೆಯ ತಿರುವುಗಳಲ್ಲಿ ಕಿವಿಗೊಡಿ. ಗುಂಯ್ ಅನ್ನುವ ಶಬ್ದ ಬಲಕ್ಕೆ ತಿರುಗುವಾಗ ಜಾಸ್ತಿಯಾದರೆ ಎಡಗಡೆಯ ವೀಲ್ ಬೇರಿಂಗ್ ಮೇಲೆ ಅನುಮಾನ. ಆಗ ಭಾರ ಎಡಕ್ಕೆ ಬೀಳುತ್ತದೆ. ಎಡಕ್ಕೆ ತಿರುಗುವಾಗ ಜಾಸ್ತಿಯಾದರೆ ಬಲಗಡೆಯದ್ದು.

ಇನ್ನೊಂದು ಲಕ್ಷಣ ಇದೆ, ಅದನ್ನು ಹೆಚ್ಚಿನವರು ತಪ್ಪಾಗಿ ತಿಳಿಯುತ್ತಾರೆ. ವೇಗ ಒಂದೇ ಸಮ ಇದ್ದರೂ ನಡುಕ ಕೆಲವು ಸೆಕೆಂಡು ಜೋರಾಗಿ ಬಂದು, ಕೆಲವು ಸೆಕೆಂಡು ಇಲ್ಲವಾಗಿ, ಮತ್ತೆ ಬರುತ್ತದೆ. ಬಿಟ್ಟು ಬಿಟ್ಟು ಬರುವುದರಿಂದ "ರಸ್ತೆಯದ್ದಿರಬೇಕು" ಅಂದುಕೊಂಡು ಸುಮ್ಮನಾಗುತ್ತಾರೆ. ನಿಜವಾಗಿ ಇದು ಎರಡು ಚಕ್ರಗಳಲ್ಲಿ ದೋಷ ಇರುವುದರ ಗುರುತು. ಎರಡು ಟೈರುಗಳ ಸುತ್ತಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಹಾಗಾಗಿ ಎರಡರ ಎಳೆತ ಒಮ್ಮೆ ಕೂಡಿಕೊಂಡು ಜೋರಾಗುತ್ತದೆ, ಒಮ್ಮೆ ಒಂದಕ್ಕೊಂದು ಕಳೆದುಹೋಗುತ್ತದೆ. ಒಂದೇ ಚಕ್ರ ಸರಿ ಮಾಡಿಸಿದರೆ ಆಗ ನಡುಕ ಅರ್ಧ ಮಾತ್ರ ಹೋಗುತ್ತದೆ.

ವಾರಗಟ್ಟಲೆ ನಿಲ್ಲಿಸಿದ್ದ ಕಾರಾದರೆ ಸ್ವಲ್ಪ ಕಾಯಿರಿ. ನೆಲಕ್ಕೆ ತಾಗಿದ್ದ ಭಾಗ ಚಪ್ಪಟೆಯಾಗಿರುತ್ತದೆ. ಅರ್ಧ ಗಂಟೆ ಓಡಿಸಿ ಟೈರ್ ಬಿಸಿಯಾದರೆ ಹೆಚ್ಚಾಗಿ ತಾನೇ ಸರಿಹೋಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಹೊರಟಾಗ ಇಲ್ಲದ ನಡುಕ 15–20 ನಿಮಿಷ ಓಡಿದ ಮೇಲೆ ಬಂದು ಹೆಚ್ಚುತ್ತಾ ಹೋದರೆ ಬ್ರೇಕ್ ಹಿಡಿದುಕೊಂಡಿರಬಹುದು. ಗಾಡಿ ನಿಲ್ಲಿಸಿ ಒಂದೊಂದು ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿ, ಮುಟ್ಟಬೇಡಿ. ಮುಂದಿನ ಎರಡರಲ್ಲಿ ಒಂದರ ಬಿಸಿ ಬೇರೆಯೇ ಇದ್ದು ಸುಟ್ಟ ವಾಸನೆಯೂ ಬಂದರೆ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಸಿಕ್ಕಿಹಾಕಿಕೊಂಡಿದೆ.

ಚಕ್ರಗಳನ್ನು ಕಣ್ಣಾರೆ ನೋಡಿ

ಓಡಿಸಿ ನೋಡಿದ್ದಾಯಿತು, ಕಾರಣ ಚಕ್ರದ ಕಡೆಗೇ ಬೊಟ್ಟು ಮಾಡುತ್ತಿದೆ ಅನ್ನೋಣ. ಹೆಚ್ಚಿನ ಸಲ ಆಗುವುದೂ ಅದೇ. ಟೈರ್ ಅಂಗಡಿಗೆ ಹೋಗುವ ಮೊದಲು ಹತ್ತು ನಿಮಿಷ ನೀವೇ ನೋಡಿ. ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿದರೆ ಮುಂದಿನ ಚಕ್ರದ ಒಳಮೈ ಕೂಡ ಕಾಣುತ್ತದೆ.

ಮೊದಲು ರಿಮ್ಮಿನ ಒಳಗೆ ಟಾರ್ಚ್ ಬಿಡಿ. ಅಲಾಯ್ ರಿಮ್ಮಿನ ಒಳಮೈಯಲ್ಲಿ ಬ್ರೇಕಿನ ಕಪ್ಪು ಧೂಳು ಹಿಡಿದಿರುತ್ತದೆ. ಆ ಕಪ್ಪಿನ ನಡುವೆ ಬೆರಳಗಲದ ಒಂದು ಚೌಕಟ್ಟು ಮಾತ್ರ ಸ್ವಚ್ಛವಾಗಿ ಹೊಳೆಯುತ್ತಿದೆಯಾ? ಮುಟ್ಟಿದರೆ ಅಂಟು ಅಂಟಾಗಿದೆಯಾ? ಚಕ್ರದ ತೂಕ ಸುತ್ತಲೂ ಸಮ ಇರಲಿ ಅಂತ ಅಲ್ಲಿ ಅಂಟಿಸಿದ್ದ ಬ್ಯಾಲೆನ್ಸಿಂಗ್ ವೆಯ್ಟ್ ಬಿದ್ದುಹೋಗಿದೆ. ನಿಮ್ಮ ಹುಡುಕಾಟ ಬಹುಶಃ ಅಲ್ಲೇ ಮುಗಿಯಿತು. ಉಕ್ಕಿನ ರಿಮ್ ಆದರೆ ವೆಯ್ಟ್ ಅಂಚಿಗೆ ಕ್ಲಿಪ್ ಹಾಕಿರುತ್ತಾರೆ. ಬಿದ್ದ ಜಾಗದಲ್ಲಿ ಕ್ಲಿಪ್ ಕಚ್ಚಿದ ಗೀರು ಕಾಣುತ್ತದೆ.

ಅದೇ ಒಳಮೈಯಲ್ಲಿ ಕೆಸರು ಒಣಗಿ ಗಟ್ಟಿಯಾಗಿದೆಯಾ ನೋಡಿ. ಕೆಸರು ರಸ್ತೆಯಲ್ಲಿ ಹೋಗಿಬಂದ ಮೇಲೆ ಶುರುವಾದ ನಡುಕಕ್ಕೆ ಇದಕ್ಕಿಂತ ಸುಲಭದ ಕಾರಣ ಇಲ್ಲ. ಒಂದು ಹಿಡಿ ಒಣ ಕೆಸರು ನೂರು ಗ್ರಾಂ ಮೀರುತ್ತದೆ. ನೀರು ಹಾಕಿ ಉಜ್ಜಿ ತೊಳೆದರೆ ಸಾಕು. ಕಾರ್ ತೊಳೆಯುವಾಗ ಚಕ್ರದ ಹೊರಮೈಯನ್ನಷ್ಟೇ ತೊಳೆಯುವುದು ನಮ್ಮೆಲ್ಲರ ರೂಢಿ.

ಆಮೇಲೆ ಟೈರ್. ಪಕ್ಕದ ಗೋಡೆಯ ಮೇಲೆ, ಒಳಗೂ ಹೊರಗೂ, ಅಂಗೈ ಸವರಿ. ಉಬ್ಬು ಇದ್ದರೆ ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆ. ಹಾಗೇ ಟ್ರೆಡ್ (ನೆಲಕ್ಕೆ ತಾಗುವ ಮೈ) ಮೇಲೆ ಸವರಿ. ತಂತಿ ಹೊರಗೆ ಬಂದಿದ್ದರೆ ಚುಚ್ಚುತ್ತದೆ, ಕೈಗವಸು ಹಾಕಿಕೊಳ್ಳಿ. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಅಂತ ಅಲೆ ಅಲೆಯಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಟೈರಿನ ವಯಸ್ಸನ್ನೂ ನೋಡಿಬಿಡಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2321 ಅಂತ ಇದ್ದರೆ 2021ನೇ ಇಸವಿಯ 23ನೇ ವಾರ ತಯಾರಾದದ್ದು.

ಟೈರ್ ಹೊಸದಾಗಿ ಕೂರಿಸಿದ್ದಾದರೆ ಇನ್ನೊಂದು ಸೂಕ್ಷ್ಮ ಇದೆ. ರಿಮ್ಮಿನ ಅಂಚಿಗೆ ಹತ್ತಿರವಾಗಿ ಟೈರಿನ ಮೇಲೆ ಸುತ್ತಲೂ ಒಂದು ತೆಳು ಗೆರೆ ಅಚ್ಚಾಗಿರುತ್ತದೆ. ಆ ಗೆರೆಗೂ ರಿಮ್ಮಿಗೂ ನಡುವಿನ ಅಂತರ ಸುತ್ತಲೂ ಒಂದೇ ಆಗಿರಬೇಕು. ಒಂದು ಕಡೆ ಗೆರೆ ರಿಮ್ಮಿನೊಳಗೆ ಮುಳುಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ. ಅಂಥ ಚಕ್ರಕ್ಕೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿದರೂ ನಡುಕ ಹೋಗುವುದಿಲ್ಲ, ಯಾಕೆಂದರೆ ಅದು ದುಂಡಗೇ ಇಲ್ಲ. ಗಾಳಿ ತೆಗೆದು, ಅಂಚಿಗೆ ಸೋಪಿನ ನೀರು ಹಚ್ಚಿ ಮತ್ತೆ ಕೂರಿಸಬೇಕು. ಪಂಕ್ಚರ್ ತಡೆಯುವ ದ್ರವ ಹಾಕಿಸಿದ್ದೀರಾ ಅಂತಲೂ ನೆನಪು ಮಾಡಿಕೊಳ್ಳಿ. ಅದು ಒಳಗೆ ಒಂದೇ ಕಡೆ ನಿಂತು ಬ್ಯಾಲೆನ್ಸ್ ಕೆಡಿಸುತ್ತದೆ, ಮಶಿನ್‌ನಲ್ಲಿ ಪ್ರತಿ ಸಲವೂ ಬೇರೆ ಬೇರೆ ಅಂಕಿ ಬರುವಂತೆ ಮಾಡುತ್ತದೆ.

ರಿಮ್ ಬೆಂಡ್ ಆಗಿದೆಯಾ ಅಂತ ನೋಡಲು ಆ ಚಕ್ರವನ್ನು ಜ್ಯಾಕ್ ಹಾಕಿ ಎತ್ತಿ. ಹ್ಯಾಂಡ್‌ಬ್ರೇಕ್ ಎಳೆದಿರಲಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿರಿ, ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈಕಾಲು ತೂರಿಸಬೇಡಿ. ಮುಂದಿನ ಚಕ್ರಗಳಿಗೆ ಎಂಜಿನ್ ಬಲ ಹೋಗುವ ಕಾರಾದರೆ ಗೇರ್ ನ್ಯೂಟ್ರಲ್‌ನಲ್ಲಿರಲಿ. ಒಂದು ಪೆನ್ನನ್ನು ಇಟ್ಟಿಗೆಯ ಮೇಲೆ ಅಲುಗಾಡದ ಹಾಗೆ ಇಟ್ಟು, ತುದಿ ರಿಮ್ಮಿನ ಅಂಚಿಗೆ ತಾಗೀ ತಾಗದ ಹಾಗೆ ಹಿಡಿಯಿರಿ. ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ. ಪೆನ್ನಿನ ತುದಿಗೂ ರಿಮ್ಮಿಗೂ ನಡುವಿನ ಸಂದು ಹಿಗ್ಗುತ್ತಾ ಕುಗ್ಗುತ್ತಾ ಇದ್ದರೆ ರಿಮ್ ಸೊಟ್ಟಗಿದೆ. ಒಂದು ಮಿಲಿಮೀಟರಿಗಿಂತ ಜಾಸ್ತಿ ಕಂಡರೆ ಅದನ್ನೇ ಕಾರಣ ಅಂತ ಹಿಡಿಯಬಹುದು. ಗುಂಡಿಗೆ ಜೋರಾಗಿ ಇಳಿದ ಚಕ್ರದಲ್ಲಿ ಪೆಟ್ಟು ಹೆಚ್ಚಾಗಿ ರಿಮ್ಮಿನ ಒಳ ಅಂಚಿಗೆ ಬಿದ್ದಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಹಾಗಾಗಿ ಒಳ ಅಂಚನ್ನೂ ಬಿಡದೆ ನೋಡಿ.

ಬ್ಯಾಲೆನ್ಸಿಂಗ್ ಮಾಡಿಸುವಾಗ ಪಕ್ಕದಲ್ಲೇ ನಿಲ್ಲಿ

ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಎರಡನ್ನೂ ಒಟ್ಟಿಗೇ ಹೇಳಿ ಹೇಳಿ ಎರಡೂ ಒಂದೇ ಅನ್ನುವ ಭಾವನೆ ಬಂದುಬಿಟ್ಟಿದೆ. ಅಲೈನ್‌ಮೆಂಟ್ ಅಂದರೆ ಚಕ್ರಗಳು ಯಾವ ಕೋನದಲ್ಲಿ ನಿಂತಿವೆ ಅನ್ನುವುದು. ಅದು ತಪ್ಪಿದರೆ ಕಾರು ಒಂದು ಕಡೆ ಎಳೆಯುತ್ತದೆ, ಟೈರ್ ಓರೆಯಾಗಿ ಸವೆಯುತ್ತದೆ. ಸ್ಟೀರಿಂಗ್ ಅದುರುವುದಕ್ಕೆ ಅದು ನೇರ ಕಾರಣ ಅಲ್ಲ. ನಡುಕದ ದೂರಿಗೆ ಬರೀ ಅಲೈನ್‌ಮೆಂಟ್ ಮಾಡಿ ಕಳಿಸಿದರೆ ಕೆಲಸ ಆಗಿಲ್ಲ ಅಂತಲೇ ಅರ್ಥ.

ಬ್ಯಾಲೆನ್ಸಿಂಗ್ ಮಾಡಿಸಿಯೂ ನಡುಕ ಹೋಗಿಲ್ಲ ಅನ್ನುವವರು ಬಹಳ. ಅದರಲ್ಲಿ ಎಷ್ಟೋ ಸಲ ತಪ್ಪು ಮಾಡಿದ ರೀತಿಯಲ್ಲೇ ಇರುತ್ತದೆ. ಚಕ್ರವನ್ನು ಮಶಿನ್‌ಗೆ ಹಾಕುವ ಮೊದಲು ತೊಳೆದಿರಬೇಕು, ಹಳೆಯ ವೆಯ್ಟ್‌ಗಳನ್ನೆಲ್ಲ ತೆಗೆದಿರಬೇಕು, ಟ್ರೆಡ್‌ನಲ್ಲಿ ಸಿಕ್ಕಿದ ಕಲ್ಲು ಕಿತ್ತಿರಬೇಕು. ರಿಮ್ಮಿನ ನಡುವಿನ ತೂತಿಗೆ ಸರಿಹೊಂದುವ ಕೋನ್ ಹಾಕಿ ಬಿಗಿದಿರಬೇಕು. ಅದು ಸ್ವಲ್ಪ ಓರೆಯಾಗಿ ಕೂತರೆ ಮಶಿನ್ ತೋರಿಸುವ ಅಂಕಿಗೇ ಅರ್ಥ ಇಲ್ಲ.

ಇದನ್ನು ಪರೀಕ್ಷಿಸಲು ಒಂದು ಸುಲಭ ಉಪಾಯ ಇದೆ. ಮಶಿನ್ ಎರಡೂ ಕಡೆ ಸೊನ್ನೆ ತೋರಿಸಿದ ಮೇಲೆ, ಚಕ್ರವನ್ನು ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದು, ಇನ್ನೊಮ್ಮೆ ಸುತ್ತಿಸಲು ಹೇಳಿ. ಮತ್ತೆ ಸೊನ್ನೆಯ ಹತ್ತಿರವೇ ಬಂದರೆ ಕೆಲಸ ಸರಿ. 15–20 ಗ್ರಾಂ ತೋರಿಸಿದರೆ ಮೊದಲ ಸಲ ಚಕ್ರ ಮಧ್ಯಕ್ಕೆ ಕೂತಿರಲಿಲ್ಲ. ಇನ್ನೊಂದು ಮಾತು: ಕೆಲವು ಗ್ರಾಂ ಒಳಗಿನ ವ್ಯತ್ಯಾಸವನ್ನು ಸೊನ್ನೆ ಅಂತಲೇ ತೋರಿಸುವ ಹಾಗೆ ಹೆಚ್ಚಿನ ಮಶಿನ್‌ಗಳನ್ನು ಹೊಂದಿಸಿರುತ್ತಾರೆ. ಸೂಕ್ಷ್ಮ ಅಳತೆಗೆ ಬೇರೆ ಬಟನ್ ಇರುತ್ತದೆ, ಅದನ್ನು ಒತ್ತಿ ನೋಡಲು ಕೇಳಿ.

ಒಂದು ಚಕ್ರಕ್ಕೆ ನೂರು ಗ್ರಾಂ ಹತ್ತಿರ ವೆಯ್ಟ್ ಕೇಳುತ್ತಿದ್ದರೆ ಅಂಟಿಸಿ ಮುಗಿಸಲು ಬಿಡಬೇಡಿ. ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ಸರಿಸಿ ಕೂರಿಸಿದರೆ, ಟೈರಿನ ಭಾರದ ಕಡೆಗೆ ರಿಮ್ಮಿನ ಹಗುರ ಕಡೆ ಎದುರಾಗಿ, ಎಷ್ಟೋ ಸಲ ಅಂಕಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಹಾಗೂ ಇಳಿಯದಿದ್ದರೆ ಟೈರ್ ಅಥವಾ ರಿಮ್ ಎರಡರಲ್ಲಿ ಒಂದು ಕೆಟ್ಟಿದೆ.

ಮಶಿನ್‌ನಲ್ಲಿ ಚಕ್ರ ಸುತ್ತುವಾಗ ನಿಮ್ಮ ಕಣ್ಣು ಪರದೆಯ ಮೇಲೆ ಬೇಡ, ಟ್ರೆಡ್ ಮೇಲಿರಲಿ. ಟೈರ್ ಮೇಲೆ ಕೆಳಗೆ ಹಾರುತ್ತಿರುವ ಹಾಗೆ ಕಂಡರೆ ಅದು ದುಂಡಗಿಲ್ಲ. ತೂಕ ಸರಿಯಿದ್ದರೂ ಅದು ಅದುರಿಸುತ್ತದೆ. ಟೈರಿನ ಗಡಸುತನ ಒಂದೊಂದು ಕಡೆ ಒಂದೊಂದು ಥರ ಇದ್ದರಂತೂ ಕಣ್ಣಿಗೂ ಕಾಣದು. ಅದಕ್ಕೆ ಚಕ್ರವನ್ನು ರೋಲರ್‌ನಿಂದ ಒತ್ತಿ ಹಿಡಿದು ಸುತ್ತಿಸುವ, ರೋಡ್ ಫೋರ್ಸ್ ಅಳೆಯುವ ಮಶಿನ್ ಬೇಕು. ಎಲ್ಲ ಕಡೆ ಅದು ಇರುವುದಿಲ್ಲ. ಆದರೆ ಎರಡು ಸಲ ಬ್ಯಾಲೆನ್ಸಿಂಗ್ ಆದರೂ ನಡುಕ ಹೋಗದಿದ್ದರೆ ಮೂರನೇ ಸಲ ಅದೇ ಮಶಿನ್‌ಗೆ ಹಾಕಿಸುವ ಬದಲು ಅಂಥದ್ದನ್ನು ಹುಡುಕಿಕೊಂಡು ಹೋಗಿ.

ಹಿಂದಿನದು ಮುಂದೆ, ಮುಂದಿನದು ಹಿಂದೆ

ಟೈರ್ ಅಂಗಡಿ ಹತ್ತಿರ ಇಲ್ಲವಾ? ಅಥವಾ ಬ್ಯಾಲೆನ್ಸಿಂಗ್ ಆದರೂ ಅನುಮಾನ ಉಳಿದಿದೆಯಾ? ಒಂದೇ ಬದಿಯ ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಅದಲು ಬದಲು ಮಾಡಿ. ಒಂದು ಸಲಕ್ಕೆ ಒಂದು ಬದಿ ಮಾತ್ರ. ಮುಂದೆ ಹಿಂದೆ ಬೇರೆ ಅಳತೆಯ ಟೈರ್ ಇರುವ ಕಾರಾದರೆ ಇದು ಆಗುವುದಿಲ್ಲ. ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ನಡುಕ ಸ್ಟೀರಿಂಗ್ ಬಿಟ್ಟು ಸೀಟಿಗೆ ಹೋಯಿತಾ? ದೋಷ ಆ ಚಕ್ರದಲ್ಲೇ ಇದೆ. ಏನೂ ಬದಲಾಗಲಿಲ್ಲವಾ? ಇನ್ನೊಂದು ಬದಿ ಮಾಡಿ ನೋಡಿ. ಆಗಲೂ ಸ್ಟೀರಿಂಗ್ ಮೊದಲಿನಂತೆಯೇ ಅದುರಿದರೆ ಚಕ್ರಗಳನ್ನು ಬಿಟ್ಟು ಹಬ್ (ಚಕ್ರವನ್ನು ನಟ್ ಹಾಕಿ ಕೂರಿಸುವ ನಡುಭಾಗ), ಬ್ರೇಕ್, ಶಾಫ್ಟ್ ಕಡೆ ತಿರುಗಬೇಕು.

ಇಷ್ಟು ಖಚಿತವಾದ ಉತ್ತರ ಯಾವ ಪೈಸೆ ಖರ್ಚಿಲ್ಲದೆ ಸಿಗುತ್ತದೆ. ಆದರೂ ಇದನ್ನು ಮಾಡುವವರು ತೀರಾ ಕಡಿಮೆ ಅನ್ನುವುದು ನನಗೆ ಬೇಸರದ ವಿಷಯ. ಉಳಿದ ಚಕ್ರಗಳಷ್ಟೇ ಅಳತೆಯ ಸ್ಟೆಪ್ನಿ ಇದ್ದರೆ ಅದನ್ನೂ ಬಳಸಬಹುದು. ಸಣ್ಣ ಗಾತ್ರದ ತಾತ್ಕಾಲಿಕ ಸ್ಟೆಪ್ನಿಯನ್ನು ಮಾತ್ರ ಹಾಕಬೇಡಿ. ಅದರ ಮೇಲೇ ವೇಗದ ಮಿತಿ ಬರೆದಿರುತ್ತದೆ, ಹೆಚ್ಚಾಗಿ 80 ಕಿ.ಮೀ.

ಮಶಿನ್‌ನಲ್ಲಿ ಸರಿ, ಕಾರಿನಲ್ಲಿ ತಪ್ಪು

ಹಬ್ಬಿಗೆ ರಿಮ್ ತಾಗುವ ಮೈಯನ್ನು ಯಾರೂ ನೋಡುವುದಿಲ್ಲ. ಚಕ್ರ ಬಿಚ್ಚಿದಾಗ ಅಲ್ಲಿ ತುಕ್ಕಿನ ಹೆಕ್ಕಳಿಕೆ ಇರುತ್ತದೆ. ಅದರ ಮೇಲೇ ರಿಮ್ ಕೂರಿಸಿದರೆ ಚಕ್ರ ಕೂದಲೆಳೆಯಷ್ಟು ಓರೆ ನಿಲ್ಲುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ ಹಾಕಿ.

ಹೊರಗಿನಿಂದ ತಂದು ಹಾಕಿಸಿದ ಅಲಾಯ್ ಆದರೆ ನಡುವಿನ ತೂತು ಹಬ್ಬಿಗಿಂತ ದೊಡ್ಡದಿರಬಹುದು. ಸಂದು ತುಂಬಲು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಬಳೆ ಇರಬೇಕು. ಅದು ಇಲ್ಲದಿದ್ದರೆ ಚಕ್ರ ಮಧ್ಯಕ್ಕೆ ಕೂರುವ ಖಾತ್ರಿ ಇಲ್ಲ. ಟೈರ್ ಸಮೇತ 15 ಕೆಜಿ ಇರುವ ಚಕ್ರದ ನಡು ಬರೀ 0.2 ಮಿ.ಮೀ. ಸರಿದರೂ ರಿಮ್ಮಿನ ಅಂಚಿನಲ್ಲಿ 15 ಗ್ರಾಂ ವ್ಯತ್ಯಾಸ ಬಿದ್ದಷ್ಟೇ ಪರಿಣಾಮ. ಮಶಿನ್‌ನಲ್ಲಿ ಸೊನ್ನೆ ಬಂದ ಚಕ್ರ ಕಾರಿನಲ್ಲಿ ಅದುರುವುದು ಹೀಗೆ.

ನಟ್ ಬಿಗಿಯುವಾಗ ಚಕ್ರ ನೆಲದಿಂದ ಮೇಲಿರುವಾಗಲೇ ಎಲ್ಲವನ್ನೂ ಕೈಯಲ್ಲಿ ತಿರುಗಿಸಿ ಕೂರಿಸಿ. ಆಮೇಲೆ ಒಂದು ಬಿಗಿದರೆ ಅದರ ಎದುರಿನದು, ಹೀಗೆ ಎದುರು ಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಕೊನೆಯ ಬಿಗಿ ಚಕ್ರ ನೆಲಕ್ಕೆ ಇಳಿದ ಮೇಲೆ, ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್‌ನಿಂದ. ಸಾಮಾನ್ಯ ಕಾರುಗಳಿಗೆ ಇದು 90ರಿಂದ 120 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ನಿಮ್ಮ ಕಾರಿನ ಸರಿಯಾದ ಅಂಕಿ ಅದರ ಕೈಪಿಡಿಯಲ್ಲಿದೆ. ಗಾಳಿಯ ಗನ್ ಹಿಡಿದು ಗರ್ರ್ ಅಂತ ಒಂದೇ ಏಟಿಗೆ ಬಿಗಿಯುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಒಂದು ನಟ್ ಅತಿ ಬಿಗಿ, ಇನ್ನೊಂದು ಅರೆಬರೆ. ಅದರ ಹಿಂದೆ ಇರುವ ಬ್ರೇಕ್ ಡಿಸ್ಕ್ ಕೂಡ ಓರೆಯಾಗುತ್ತದೆ.

ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ

"ಡಿಸ್ಕ್ ಬೆಂಡ್ ಆಗಿದೆ" ಅನ್ನುವುದು ಇದಕ್ಕೆ ಎಲ್ಲರೂ ಹೇಳುವ ಮಾತು. ಹೆಚ್ಚಿನ ಸಲ ಡಿಸ್ಕ್ ಬೆಂಡ್ ಆಗಿರುವುದಿಲ್ಲ, ಅದರ ದಪ್ಪ ಸುತ್ತಲೂ ಒಂದೇ ಸಮ ಇರುವುದಿಲ್ಲ. 0.02–0.03 ಮಿ.ಮೀ. ವ್ಯತ್ಯಾಸ ಇದ್ದರೂ ಕೈಗೆ ಗೊತ್ತಾಗಬಹುದು. ಡಿಸ್ಕ್ ಹಬ್ಬಿನ ಮೇಲೆ ಸ್ವಲ್ಪ ಓರೆ ಕೂತಿದ್ದರೆ, ಬ್ರೇಕ್ ಒತ್ತದೆ ಇದ್ದಾಗಲೂ ಪ್ರತಿ ಸುತ್ತಿಗೆ ಒಂದೇ ಜಾಗ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ. ಸಾವಿರಾರು ಕಿಲೋಮೀಟರ್ ಆದ ಮೇಲೆ ಆ ಜಾಗ ತೆಳ್ಳಗಾಗುತ್ತದೆ. ಆದ್ದರಿಂದಲೇ ಡಿಸ್ಕ್ ಹಾಕಿಸಿ ತಿಂಗಳುಗಳ ನಂತರ ನಡುಕ ಬರುತ್ತದೆ, ತಪ್ಪು ಮಾತ್ರ ಹಾಕಿದ ದಿನದ್ದು. ಹಳೆಯ ತುಕ್ಕನ್ನು ಉಜ್ಜದೆ ಹೊಸ ಡಿಸ್ಕ್ ಹಾಕಿದರೆ ಕಥೆ ಮತ್ತೆ ಮೊದಲಿನಿಂದ.

ಇನ್ನೊಂದು ಕಾರಣ ಪ್ಯಾಡಿನ ಮಸಿ. ಜೋರಾಗಿ ಬ್ರೇಕ್ ಹಾಕಿ, ಡಿಸ್ಕ್ ಕಾದಿರುವಾಗಲೇ ಪೆಡಲ್ ಗಟ್ಟಿಯಾಗಿ ಒತ್ತಿಕೊಂಡು ನಿಂತರೆ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಕೂರುತ್ತದೆ. ರಿಮ್ಮಿನ ಸಂದಿನಿಂದ ನೋಡಿದರೆ ಪ್ಯಾಡಿನ ಆಕಾರದ ಕಪ್ಪು ಮಚ್ಚೆ ಕಾಣಬಹುದು.

ಹೊಸ ಡಿಸ್ಕ್ ಕೊಳ್ಳುವ ಮೊದಲು ಮೂರು ವಿಷಯ ಕೇಳಿ. ಡಯಲ್ ಗೇಜ್ (ಕೂದಲೆಳೆಯಷ್ಟು ಓರೆಯನ್ನೂ ಅಳೆಯುವ ಮೀಟರ್) ಇಟ್ಟು ಓರೆ ಅಳೆದಿರಾ? ದಪ್ಪವನ್ನು ನಾಲ್ಕಾರು ಕಡೆ ಅಳೆದಿರಾ? ಕ್ಯಾಲಿಪರ್ ಪಿನ್ ಸಲೀಸಾಗಿ ಜಾರುತ್ತಿದೆಯಾ? ಕನಿಷ್ಠ ಎಷ್ಟು ದಪ್ಪ ಇರಬೇಕು ಅಂತ ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ತೆಳ್ಳಗಾಗಿದ್ದರೆ ಎರಡೂ ಬದಿಯದ್ದನ್ನು ಒಟ್ಟಿಗೇ ಬದಲಾಯಿಸಿ.

ಕಾಲು ಒತ್ತಿದಾಗ ಅದುರಿ, ಬಿಟ್ಟರೆ ನಿಂತರೆ

ಮುಂದಿನ ಚಕ್ರಗಳಿಗೆ ಬಲ ಹೋಗುವ ಕಾರಿನಲ್ಲಿ ಇದು ಡ್ರೈವ್ ಶಾಫ್ಟ್‌ನ ಒಳಗಿನ ಜಾಯಿಂಟ್‌ನ ಲಕ್ಷಣ. ಏರು ರಸ್ತೆಯಲ್ಲಿ, ಜನ ಸಾಮಾನು ತುಂಬಿದಾಗ, ಓವರ್‌ಟೇಕ್ ಮಾಡುವಾಗ ಜಾಸ್ತಿ. ಪೂರ್ತಿ ತಿರುಗಿಸಿದಾಗ ಟಕ್ ಟಕ್ ಶಬ್ದ ಬಂದರೆ ಅದು ಹೊರಗಿನ ಜಾಯಿಂಟ್. ರಬ್ಬರ್ ಬೂಟ್ ಹರಿದಿದ್ದರೆ ರಿಮ್ಮಿನ ಒಳಭಾಗಕ್ಕೂ ಸುತ್ತಮುತ್ತಲಿಗೂ ಕಪ್ಪು ಗ್ರೀಸ್ ಎರಚಿರುತ್ತದೆ. ಹಿಂದಿನ ಚಕ್ರಗಳಿಗೆ ಬಲ ಹೋಗುವ ಗಾಡಿಯಲ್ಲಿ ಪ್ರೊಪೆಲರ್ ಶಾಫ್ಟ್‌ನ ನಡುಕ ಸ್ಟೀರಿಂಗ್‌ಗಿಂತ ನೆಲದಲ್ಲಿ, ಸಣ್ಣ ಜುಮ್ಮೆನ್ನುವ ಥರ ಗೊತ್ತಾಗುತ್ತದೆ.

ಆಟ (ಸಡಿಲ) ಇದೆಯಾ ನೋಡುವುದು

ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ವೀಲ್ ಬೇರಿಂಗ್ ಅಥವಾ ಚಕ್ರವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಬಾಲ್ ಜಾಯಿಂಟ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಸಿಕ್ಕರೆ ಟೈ ರಾಡ್ ಎಂಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳಿನ ತುದಿ). ಲೋವರ್ ಆರ್ಮ್ ಬುಷ್‌ನ ರಬ್ಬರ್ ಸೀಳಿದೆಯಾ ಅಂತ ಪಿಟ್ ಮೇಲೆ ಅಥವಾ ಲಿಫ್ಟ್‌ನಲ್ಲಿ ಮೆಕ್ಯಾನಿಕ್ ಹತ್ತಿರ ನೋಡಿಸಿ.

ಸವೆದ ಬುಷ್, ಜಾಯಿಂಟ್‌ಗಳು ತಾವಾಗಿ ನಡುಕ ಹುಟ್ಟಿಸುವುದು ಕಡಿಮೆ. ಚಕ್ರದಲ್ಲಿ ಹುಟ್ಟಿದ ಸಣ್ಣ ನಡುಕವನ್ನು ತಡೆಯದೆ ಕೈಗೆ ದಾಟಿಸುತ್ತವೆ, ದೊಡ್ಡದು ಮಾಡುತ್ತವೆ. ಆದ್ದರಿಂದ ಬುಷ್ ಬದಲಾಯಿಸಿದ ಮೇಲೆ ಕಡಿಮೆಯಾಗಿ, ಪೂರ್ತಿ ಹೋಗದಿದ್ದರೆ ಆಶ್ಚರ್ಯ ಬೇಡ. ಮೂಲ ಇನ್ನೂ ಚಕ್ರದಲ್ಲೇ ಇದೆ. ಹಾಗಂತ ಆಟ ಇರುವ ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ಗಳನ್ನು ಆಮೇಲೆ ನೋಡೋಣ ಅಂತ ಬಿಡುವ ಹಾಗಿಲ್ಲ. ಅವು ಕಳಚಿದರೆ ಚಕ್ರ ಮಾತು ಕೇಳುವುದಿಲ್ಲ.

ಗ್ಯಾರೇಜಿನಲ್ಲಿ ಹೇಳಬೇಕಾದದ್ದು

ಈಗ ನಿಮ್ಮ ಹತ್ತಿರ ಬರೆದಿಟ್ಟ ಚೀಟಿ ಇದೆ. "85ಕ್ಕೆ ಶುರುವಾಗುತ್ತದೆ, 95ರಲ್ಲಿ ಜಾಸ್ತಿ, 110 ದಾಟಿದರೆ ಕಡಿಮೆ. ಸ್ಟೀರಿಂಗ್‌ನಲ್ಲಿ ಮಾತ್ರ. ಬ್ರೇಕ್‌ಗೂ ಆಕ್ಸಿಲರೇಟರಿಗೂ ಸಂಬಂಧ ಇಲ್ಲ. ಎಡಗಡೆಯ ಚಕ್ರ ಹಿಂದಕ್ಕೆ ಹಾಕಿದರೆ ಸೀಟಿಗೆ ಹೋಗುತ್ತದೆ." ಇಷ್ಟು ಕೇಳಿದ ಮೆಕ್ಯಾನಿಕ್ ಸುಮ್ನೆ ಸ್ಟೀರಿಂಗ್ ರ‍್ಯಾಕ್ ಬದಲಾಯಿಸಿ ಅನ್ನಲಾರರು. ಸಾಧ್ಯವಾದರೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬನ್ನಿ.

ನಡುಕ ಅಳೆಯುವ ಆಪ್‌ಗಳು ಮೊಬೈಲಿನಲ್ಲಿ ಸಿಗುತ್ತವೆ. ಫೋನನ್ನು ಡ್ಯಾಶ್‌ಬೋರ್ಡಿಗೆ ಗಟ್ಟಿಯಾಗಿ ಕಟ್ಟಿ, ಪಕ್ಕದವರ ಕೈಯಲ್ಲಿ ನೋಡಿಸಿ. ಮೇಲೆ ಹೇಳಿದ ಟೈರಿಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 14ರ ಹತ್ತಿರ ಬಂದರೆ ಚಕ್ರದ ಸುತ್ತಿಗೆ ಒಂದು ಪೆಟ್ಟು, ಅಂದರೆ ಬ್ಯಾಲೆನ್ಸ್ ಅಥವಾ ರಿಮ್. ಅದರ ಎರಡರಷ್ಟು ಬಂದರೆ ಟೈರ್ ಅಂಡಾಕಾರ ಆಗಿರಬಹುದು. ಮೂರರಷ್ಟು ಬಂದರೆ ಡ್ರೈವ್ ಶಾಫ್ಟಿನ, ಮೂರು ರೋಲರ್ ಇರುವ ಒಳ ಜಾಯಿಂಟ್ ಮೇಲೆ ಕಣ್ಣಿಡಿ.

ಕೆಲಸಗಳನ್ನು ಒಂದೊಂದಾಗಿ ಮಾಡಿಸಿ, ಪ್ರತಿಯೊಂದಾದ ಮೇಲೆ ಮೊದಲು ನೋಡಿದ ರಸ್ತೆಯಲ್ಲೇ, ಅದೇ ಗಾಳಿ ಒತ್ತಡದಲ್ಲಿ, ಅದೇ ವೇಗದಲ್ಲಿ ಓಡಿಸಿ ನೋಡಿ. ನಾಲ್ಕು ಕೆಲಸ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಮತ್ತೆ ಬಂದಾಗ ಮತ್ತೆ ನಾಲ್ಕನ್ನೂ ಮಾಡಿಸಬೇಕಾಗುತ್ತದೆ. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ, ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಇನ್ನೊಂದು ಸಲ ನೋಡಿಬಿಡಿ.